ನೋಟೀಸಿನೊಳಗಿನ ಕ್ರಿಯಾಪದ

ಗಂಡನ ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಆ ಕಾಗದ ನೀಲಮಳ ಕೈಗೆ ಸಿಕ್ಕಿದ್ದು ಒಂದು ಮಂಗಳವಾರ, ಅವಳ ವಾರದ ರಜೆಯ ದಿನ. ಬಟ್ಟೆ ನೆನೆಹಾಕುವ ಮುಂಚೆ ಎಲ್ಲರ ಕಿಸೆ ತಡವಿ ನೋಡುವುದು ಅವಳ ರೂಢಿ. ಬಸ್ಸಿನ ಕಂಡಕ್ಟರಳಾಗಿ ಸೇರಿ, ಕಿಸೆಯಲ್ಲಿ ಚಿಲ್ಲರೆ ಉಳಿಯತೊಡಗಿದ ಮೇಲೆ ಅಂಟಿಕೊಂಡ ರೂಢಿ ಅದು. ವಿಕ್ರಾಂತನ ಕಿಸೆಯಲ್ಲಿ ಬಡೇಸೋಪಿನ ಪುಡಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಅಂದು ಮಾತ್ರ ನಾಲ್ಕು ಮಡಿಕೆ ಮಾಡಿದ ದಪ್ಪ ಕಾಗದವೊಂದು ಸಿಕ್ಕಿತು. ಬಿಡಿಸಿದರೆ ಮೇಲ್ಗಡೆ ಅವನು ಕೆಲಸ ಮಾಡುವ ಕಾಲೇಜಿನ ಹೆಸರು, ಕೆಳಗೆ ನೀಲಿ ಮೊಹರು, ನಡುವೆ ಒತ್ತಾಗಿ ಇಂಗ್ಲಿಷು.

ವಿಕ್ರಾಂತ ರಾಯಬಾಗದ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕ್ಲಾರ್ಕ. ಚಿಕ್ಕೋಡಿಯ ಮನೆಯಿಂದ ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದ. ಕಾಲೇಜಿನಿಂದ ಅವನಿಗೆ ಬರುವ ಆದೇಶಗಳೆಲ್ಲ ಕನ್ನಡದಲ್ಲೇ ಇರುತ್ತಿದ್ದವು. ಇಂಗ್ಲಿಷ್ ಯಾಕೆ ಬಂತು? ನೀಲಮ ಅಥಣಿಯಲ್ಲಿ ಬಿ.ಎ. ಮಾಡಿದವಳು. ನಿಧಾನಕ್ಕೆ ಓದಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಇದು ನೋಟೀಸು ಎಂದು ತಿಳಿಯಿತು. ದೂರು ಬಂದಿದೆ, ಸಮಿತಿಯ ಮುಂದೆ ಹಾಜರಾಗಬೇಕು ಎಂದಿದೆ ಎಂದೂ ತಿಳಿಯಿತು. ‘ಕಳೆದ ನಾಲ್ಕು ತಿಂಗಳಲ್ಲಿ ನೀವು ಹಲವು ಸಲ ಗ್ರಂಥಪಾಲಕಿ ಕುಮಾರಿ ಪೂನಮ ಅವರನ್ನು’ ಎನ್ನುವಲ್ಲಿಗೆ ಬಂದು ಅವಳು ನಿಂತುಬಿಟ್ಟಳು. ಅಲ್ಲಿದ್ದದ್ದು ಅವಳು ಹುಟ್ಟಿದಾಗಿನಿಂದ ನೋಡದ ಕ್ರಿಯಾಪದ. ಟಿ, ಆರ್, ಎ, ಡಿ, ಯು, ಸಿ, ಇ, ಡಿ. ಟ್ರಡ್ಯೂಸ್ಡ್.

ಹಾಗೆ ಮುಗಿಯುವ, ಹೆಣ್ಣು ಗಂಡಿನ ಹೆಸರು ಒಂದೇ ಸಾಲಿನಲ್ಲಿ ಬಂದಾಗ ನೆನಪಾಗುವ ಶಬ್ದ ಅವಳಿಗೆ ಗೊತ್ತಿದ್ದದ್ದು ಒಂದೇ. ಸೆಡ್ಯೂಸ್. ಮರುಳು ಮಾಡಿ ಕೆಡಿಸುವುದು. ಟೈಪು ಮಾಡಿದವನ ಬೆರಳು ತಪ್ಪಿರಬೇಕು ಎಂದುಕೊಂಡಳು. ಬಚ್ಚಲಿನ ಕಲ್ಲಿನ ಮೇಲೆ ಕೂತಲ್ಲೇ ಕೂತಳು. ನಳ ಹರಿಯುತ್ತಲೇ ಇತ್ತು.

ಕೈ ಒರೆಸಿಕೊಂಡು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಕೊನೆಯ ‘ಡಿ’ ಬಿಟ್ಟುಹೋಗಿತ್ತು. ‘ಅನುವಾದಿಸುತ್ತದೆ’ ಎಂದು ಬಂತು. ಆ ಶಬ್ದ ಇಂಗ್ಲಿಷಲ್ಲದೆ ಬೇರೆ ದೇಶದ ಭಾಷೆಗಳಲ್ಲೂ ಇದೆ, ಫೋನು ಅಲ್ಲಿಯ ಅರ್ಥ ತಂದು ಮುಂದಿಟ್ಟಿದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಗಂಡ ಒಬ್ಬ ಹುಡುಗಿಯನ್ನು ಅನುವಾದ ಮಾಡಿದನೇ? ಇನ್ನೊಂದು ಕಡೆ ಹುಡುಕಿದಳು. ‘ನೀವು ಹುಡುಕುತ್ತಿರುವುದು ಸೆಡ್ಯೂಸ್ ಶಬ್ದವನ್ನೇ?’ ಎಂದು ಫೋನೇ ಕೇಳಿತು. ಇನ್ನಷ್ಟು ಕೆಳಗೆ ಹೋಗಿದ್ದರೆ ಸರಿಯಾದ ಅರ್ಥ ಸಿಗುತ್ತಿತ್ತೋ ಏನೋ. ಅವಳ ಸಂಶಯಕ್ಕೆ ಅಷ್ಟು ಸಾಕಾಗಿತ್ತು. ಫೋನು ಮುಚ್ಚಿಟ್ಟಳು.

ಆ ಪ್ಯಾಂಟನ್ನು ತೊಳೆಯಲಿಲ್ಲ. ಕಾಗದದ ಫೋಟೋ ತೆಗೆದುಕೊಂಡು, ಇದ್ದ ಮಡಿಕೆಯಲ್ಲೇ ಮಡಚಿ, ಇದ್ದ ಕಿಸೆಯಲ್ಲೇ ಇಟ್ಟಳು.

ಸಂಜೆ ವಿಕ್ರಾಂತ ಬಂದವನೇ ಹಗ್ಗದ ಮೇಲಿನ ಬಟ್ಟೆ ನೋಡಿದ. “ನನ್ನ ಕರೀ ಪ್ಯಾಂಟ ಎಲ್ಲೈತಿ?”

“ಅಲ್ಲೇ ಗೂಟಕ್ಕೈತ್ರಿ. ಸಾಬೂನ ತೀರಿತ್ತು, ನಾಳೆ ತೊಳೀತೀನಿ.”

ಅವನು ಗೂಟದ ಹತ್ತಿರ ಹೋಗಿ ಹಿಂದಿನ ಕಿಸೆ ಮುಟ್ಟಿ ನೋಡಿದ್ದನ್ನು ಅವಳು ಒಲೆಯ ಮುಂದಿನಿಂದಲೇ ಕಂಡಳು. ಅವನು ತಿರುಗಿ ಅವಳ ಮುಖ ನೋಡಿದ. ಅವಳು ರೊಟ್ಟಿಯನ್ನು ನೋಡಿದಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹಾಗೆ ಓರೆಗಣ್ಣಿನಲ್ಲಿ ನೋಡುವುದೇ ಆಯಿತು.

ನೀಲಮಳ ಬಸ್ಸು ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ರಾಯಬಾಗ, ಕುಡಚಿ ಹಾದು, ಕೃಷ್ಣೆಯ ಸೇತುವೆ ದಾಟಿ ಅಥಣಿಗೆ ಹೋಗುತ್ತಿತ್ತು. ರಾಜ್ಯದ ಹೆಂಗಸರಿಗೆಲ್ಲ ಪುಕ್ಕಟೆ ಟಿಕೀಟು ಬಂದಾಗಿನಿಂದ ಆಧಾರ ಕಾರ್ಡು ನೋಡಿಯೇ ಟಿಕೀಟು ಹರಿಯಬೇಕು. ಕೊಗನೊಳ್ಳಿಯ ಕಡೆಯಿಂದ ಬಂದು ಹತ್ತುವ ಹೆಂಗಸರಲ್ಲಿ ಯಾರು ಕರ್ನಾಟಕದವರು, ಯಾರು ಗಡಿಯಾಚೆಯವರು ಎಂದು ವಿಳಾಸ ಓದಿಯೇ ತಿಳಿಯಬೇಕು. ಹೀಗಾಗಿ ಬಸ್ಸಿನಲ್ಲಿ ಹತ್ತಿದ ಹೆಂಗಸರ ಹೆಸರು, ಊರು, ಹುಟ್ಟಿದ ವರ್ಷ ಎಲ್ಲ ಅವಳ ಕಣ್ಣ ಮುಂದೆ ಹಾಯುತ್ತಿದ್ದವು. ಗುರುವಾರ ಬೆಳಿಗ್ಗೆ ಚಿಕ್ಕೋಡಿಯಲ್ಲಿ ಆ ಬಸ್ಸಿಗೆ ಮೊದಲ ಸಲ ಹತ್ತಿದ ಒಬ್ಬ ಹುಡುಗಿಯ ಕಾರ್ಡಿನ ಮೇಲೆ ಪೂನಮ ಎಂದಿತ್ತು.

“ಎಲ್ಲಿಗ್ರಿ?”

“ರಾಯಬಾಗ.”

ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ದಪ್ಪ ಕನ್ನಡಕ, ಕುತ್ತಿಗೆಯಲ್ಲಿ ಕಾಲೇಜಿನ ಗುರುತಿನ ಪಟ್ಟಿ. ಕಾರ್ಡು ವಾಪಸು ತೆಗೆದುಕೊಳ್ಳುವಾಗ ಅವಳ ಕಣ್ಣು ನೀಲಮಳ ಎದೆಯ ಮೇಲಿನ ಹೆಸರಿನ ಬಿಲ್ಲೆಗೆ ಹೋಯಿತು. ಅಲ್ಲಿಂದ ಕಿಡಕಿಯ ಕಡೆ ಹೊರಳಿದ ಮುಖ ರಾಯಬಾಗ ಬರುವವರೆಗೆ ಈ ಕಡೆ ತಿರುಗಲಿಲ್ಲ. ಇಳಿಯುವಾಗಲೂ ಮುಂದಿನ ಬಾಗಿಲು ಬಿಟ್ಟು, ಗದ್ದಲದಲ್ಲಿ ತೂರಿ ಹಿಂದಿನ ಬಾಗಿಲಿನಿಂದ ಇಳಿದಳು. ತಪ್ಪು ಮಾಡದವಳು ಮುಖ ಯಾಕೆ ಮರೆಸಿಕೊಳ್ಳಬೇಕು? ಮರುದಿನ ಆ ಹುಡುಗಿ ಮತ್ತೆ ಆ ಬಸ್ಸಿಗೆ ಬರಲಿಲ್ಲ. ನೀಲಮಳ ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು.

ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ನಿಪ್ಪಾಣಿ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಕಮಲಾಬಾಯಿಯ ಮುಂದೆ ಬಾಯಿಬಿಟ್ಟಳು. ಕಮಲಾಬಾಯಿ ಅವಳಿಗಿಂತ ಹಿರಿಯ ಕಂಡಕ್ಟರಳು. ಅವಳಿಗೆ ಕೆಲಸ ಕಲಿಸಿದವಳು.

“ಹುಡುಗಿ ಹೆಂಗದಾಳ ನೋಡಾಕ?” ಎಂದು ಕಮಲಾಬಾಯಿ ಮೊದಲು ಕೇಳಿದ್ದು ಅದನ್ನು.

“ಸಾದಾ ಅದಾಳ ಕಮಲಕ್ಕಾ. ಕನ್ನಡಕ ಹಾಕ್ತಾಳ.”

“ಸಾದಾ ಇದ್ದಾವ್ರs ಬೆನ್ನ ಹತ್ತೂದು. ನಿನ್ನ ಗಂಡಗ ಏನ ಆಸೆ ತೋರಿಸ್ಯಾಳೋ, ಈಗ ತಾನs ದೂರ ಕೊಟ್ಟಾಳ ನೋಡ.”

“ಯಾರ ಮುಂದೂ ಹೇಳಬ್ಯಾಡ್ರಿ.”

“ಅಯ್ಯ, ನಾ ಯಾಕ ಹೇಳ್ಲಿ? ಹುಚ್ಚಿ!”

ಆ ಮಾತು ಕೇಳಿದಾಗ ನೀಲಮಳಿಗೆ ಹಿತವೆನಿಸಿತು. ಗಂಡನ ತಪ್ಪಿನ ಅರ್ಧ ಭಾರ ಎತ್ತಿ ಆ ಹುಡುಗಿಯ ತಲೆಯ ಮೇಲೆ ಇಟ್ಟಂತಾಗಿತ್ತು.

ಶನಿವಾರ ಸಂಜೆ ವಿಕ್ರಾಂತ ಎಂದಿಗಿಂತ ಬೇಗ ಬಂದ. ಕೈಯಲ್ಲಿ ಪೇಢೆಯ ಪೊಟ್ಟಣ. ತಾಯಿ ಶೇವಂತಾಬಾಯಿಗೆ ಒಂದು ಕೊಟ್ಟು, ನೀಲಮಳಿಗೆ ಎರಡು ಕೊಟ್ಟು, ಚೀಲದಿಂದ ಒಂದು ಹಾಳೆ ತೆಗೆದ. ಇದು ಕನ್ನಡದಲ್ಲಿತ್ತು. ಚೆನ್ನಾಗಿ ಟೈಪು ಮಾಡಿಸಿದ್ದ.

“ಆಫೀಸಿನ್ಯಾಗ ಸಣ್ಣ ರಾಜಕಾರಣ ನಡದೈತಿ. ನಿಂದೊಂದು ಸಹಿ ಬೇಕು.”

ನೀಲಮ ಓದಿದಳು. ‘ಕುಮಾರಿ ಪೂನಮ ಎಂಬುವವರು ನನ್ನ ಪತಿಗೆ ಪದೇ ಪದೇ ಮನೆಗೆ ಫೋನು ಮಾಡಿ ತೊಂದರೆ ಕೊಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ, ಕಿವಿಯಾರೆ ಕೇಳಿರುತ್ತೇನೆ.’ ಕೆಳಗೆ ಅವಳ ಹೆಸರು, ಸಹಿಗೆ ಜಾಗ.

“ನಾ ಯಾವಾಗ ಕೇಳೀನ್ರಿ?”

“ಕೇಳದಿದ್ರೇನಾತು? ಮಾಡ್ತಿದ್ಲು. ನೀ ಡ್ಯೂಟಿಗೆ ಹೋದಾಗ.”

“ಆ ಹುಡುಗಿ ಏನಂತ ದೂರ ಕೊಟ್ಟಾಳ?”

ವಿಕ್ರಾಂತ ಪೇಢೆಯ ದಾರ ಸುತ್ತುತ್ತ ಕೂತ. “ಏನಿಲ್ಲ. ನಾ ಏನೋ ಅಂದೆ ಅಂತ. ಇಂಗ್ಲೀಷಿನ್ಯಾಗ ಏನೇನೋ ಬರದಾರ, ನನಗೂ ಪೂರ್ತಿ ತಿಳಿವಲ್ದು. ಬುಧವಾರ ಸಮಿತಿ ಕೂಡಿಸ್ಯಾರ. ಅಷ್ಟರಾಗ ಸಹಿ ಮಾಡು.”

ಅವನಿಗೂ ತಿಳಿದಿಲ್ಲವೇ, ತಿಳಿಯದ ಹಾಗೆ ಮಾಡುತ್ತಿದ್ದಾನೆಯೇ? ಫೋನು ಬಂದದ್ದೇ ನಿಜವಾಗಿದ್ದರೆ ತೋರಿಸಬಹುದಿತ್ತಲ್ಲ? ನೀಲಮ ಹಾಳೆ ತೆಗೆದು ಗೋಡೆಯಲ್ಲಿನ ದೇವರ ಮಾಡದಲ್ಲಿಟ್ಟಳು. “ನೋಡೋಣ್ರಿ” ಎಂದಳು. ಪೇಢೆ ತಿನ್ನಲಿಲ್ಲ.

ಸೋಮವಾರ ಅಥಣಿ ಮುಟ್ಟಿದಾಗ ಹನ್ನೆರಡೂವರೆ. ಬಸ್ಸು ತಿರುಗಿ ಹೊರಡಲು ಒಂದೂವರೆ ತಾಸು ಇತ್ತು. ಡ್ರೈವರ ಮಾಳಸಿದ್ದ ಊಟಕ್ಕೆ ಕೂತ. ನೀಲಮ ಬುತ್ತಿ ಬಿಚ್ಚದೆ ಆಬಾಸಾಹೇಬ ಸರ್ ಮನೆಯ ದಾರಿ ಹಿಡಿದಳು. ಬಿ.ಎ.ಯಲ್ಲಿ ಅವಳಿಗೆ ಇಂಗ್ಲಿಷ್ ಹೇಳಿದವರು. ಶಬ್ದದ ಬೇರು ಕೇಳಿದರೆ ಗಂಟೆ ಹೊಡೆದದ್ದೂ ಗೊತ್ತಾಗದಂಥ ಮೇಷ್ಟರು. ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಅಂಗಳದಲ್ಲಿ ಚಾದರ ಹಾಸಿ, ಮಗನ ತೋಟದ ಮಣೂಕ ಹರವಿಕೊಂಡು, ಒಣಗಿದ ದ್ರಾಕ್ಷಿಯ ಕಡ್ಡಿ ಆರಿಸುತ್ತ ಕೂತಿದ್ದರು.

“ಸರ್, ನಾನ್ರಿ ನೀಲಮ. ಎರಡ ಸಾವಿರದ ಒಂಬತ್ತರ ಬ್ಯಾಚು.”

“ಬಾರವಾ, ಕೂಡು. ಖಾಕಿ ಅಂಗ್ಯಾಗ ಗುರುತs ಹತ್ತಲಿಲ್ಲ. ಏನ ಕೆಲಸ ತಗದಿ?”

“ಒಂದ ಶಬ್ದ ಕೇಳಬೇಕಿತ್ರಿ. ಬಸ್ಸಿನ್ಯಾಗ ಒಂದ ಹುಡುಗಿ ಕೇಳಿತ್ತು.” ಅಂಗೈ ಮೇಲೆ ಬರೆದುಕೊಂಡಿದ್ದನ್ನು ತೋರಿಸಿದಳು.

ಆಬಾಸಾಹೇಬರು ಕನ್ನಡಕ ಏರಿಸಿ ಅಂಗೈ ನೋಡಿದರು, ಆಮೇಲೆ ಮುಖ ನೋಡಿದರು. “ಇದನ್ನ ಬಸ್ಸಿನ್ಯಾಗಿನ ಹುಡುಗಿ ಕೇಳೂದಿಲ್ಲ ನೀಲಮ. ನಲವತ್ತ ವರ್ಷ ಕಲಿಸೀನಿ, ಒಬ್ಬರೂ ಕೇಳಿಲ್ಲ. ಇದು ವಕೀಲರ ಕೈ. ಇರ್ಲಿ, ಯಾರಂತ ನಾ ಕೇಳೂದಿಲ್ಲ.”

ನೀಲಮ ತಲೆ ತಗ್ಗಿಸಿದಳು. “ಟೈಪಿಂಗ ತಪ್ಪೇನ್ರಿ ಸರ್? ಸೆಡ್ಯೂಸ್ ಅನ್ನೂದು ಹಿಂಗ ಆಗೇತೇನು?”

“ತಪ್ಪಲ್ಲ. ಆದ್ರ ಎರಡೂ ಒಂದs ಮನಿತನದ್ದು ನೋಡು.” ಅವರ ಕೈ ಮಣೂಕದ ಮೇಲೆ ನಿಂತಿತು. ದನಿಗೆ ತರಗತಿಯ ಹುರುಪು ಬಂತು. “ಲ್ಯಾಟಿನ್ ಭಾಷಾದಾಗ ಡೂಕೆರೆ ಅಂತ ಕ್ರಿಯಾಪದ ಐತಿ. ಅಂದ್ರ ನಡಿಸಿಕೊಂಡ ಹೋಗೂದು, ಮುಂದ ನಿಂತು ಕರಕೊಂಡ ಹೋಗೂದು. ಒಳಗ ಕರಕೊಂಡ ಬಂದ್ರ ಇಂಟ್ರಡ್ಯೂಸ್. ಮುಂದಕ್ಕ ತಂದ್ರ ಪ್ರೊಡ್ಯೂಸ್. ಹಿಂದಕ್ಕ ಒಯ್ದ್ರ ರೆಡ್ಯೂಸ್. ದಾರಿ ಬಿಡಿಸಿ ಮಗ್ಗಲಕ್ಕ ಕರಕೊಂಡ ಹೋದ್ರ, ಅದs ನೀ ಹೇಳಿದ ಸೆಡ್ಯೂಸ್.”

“ಮತ್ತ ಇದು?”

“ಇದರ ಮುಂದ ಇರೂದು ಟ್ರಾನ್ಸ್. ಈ ಕಡಿಂದ ಆ ಕಡಿಗೆ, ಅಡ್ಡ ಹಾಯಿಸಿ. ಟ್ರಾನ್ಸ್ ಡೂಕೆರೆ, ಬಾಯಾಗ ಸವದು ಟ್ರಾಡೂಕೆರೆ ಆತು. ಮೊದಲ ಇದರಾಗ ಏನೂ ಕೆಟ್ಟದ್ದಿರಲಿಲ್ಲ. ಸೈನ್ಯಾನ ಹೊಳಿ ದಾಟಿಸಿದ್ರೂ ಇದs ಶಬ್ದ. ಫ್ರೆಂಚರು ಒಂದ ಭಾಷಾದಿಂದ ಇನ್ನೊಂದಕ್ಕ ಮಾತ ದಾಟಿಸೂದಕ್ಕ ಇದನ್ನs ಇಟಗೊಂಡ್ರು.”

“ಫೋನಿನ್ಯಾಗ ಅನುವಾದ ಅಂತ ಬಂತ್ರಿ!”

“ಬರ್ತೈತಿ. ಆದ್ರ ರೋಮಿನಾಗ ಇನ್ನೊಂದ ಬಳಕಿ ಇತ್ತು. ಒಬ್ಬರನ್ನ ಮಂದಿ ಮುಂದ ಹಾಯಿಸಿಕೊಂಡ ಹೋಗೂದು. ಎಲ್ಲಾರೂ ನೋಡ್ಲಿ, ನಗ್ಲಿ, ಉಗುಳ್ಲಿ ಅಂತ. ನಮ್ಮಾಗ ಕತ್ತೆ ಮ್ಯಾಲೆ ಕುಂದರಿಸಿ ಮೆರಸ್ತಿದ್ರಲ್ಲ, ಹಂಗ. ಇಂಗ್ಲೀಷಿಗೆ ಬಂದು ನೆಲಿ ನಿಂತದ್ದು ಆ ಅರ್ಥ. ಅಲ್ಲೆ ಕಾಲಿನ ಕೆಲಸ ನಾಲಿಗಿ ಮಾಡ್ತೈತಿ. ಇಲ್ಲದ್ದ ಹುಟ್ಟಿಸಿ, ಒಬ್ಬರ ಹೆಸರು ಕೆಡಿಸಿ, ನಾಲ್ಕ ಮಂದಿ ಬಾಯಾಗ ಹಾಯಿಸೂದು.”

ನೀಲಮ ಉಸಿರು ಬಿಟ್ಟಳು. ಅದು ಸಮಾಧಾನದ ಉಸಿರು ಎಂದು ತಿಳಿದು ಅವಳಿಗೇ ನಾಚಿಕೆಯಾಯಿತು. “ಅಂದ್ರ, ಒಬ್ಬ ಗಂಡಸು ಒಬ್ಬ ಹುಡುಗಿನ ಹಿಂಗ ಮಾಡ್ಯಾನ ಅಂದ್ರ, ಇಬ್ಬರ ನಡುವ ಏನೂ ನಡದಿಲ್ಲ?”

“ಏನೂ ನಡದಿರಬೇಕಂತಿಲ್ಲ. ಆ ಹುಡುಗಿ ಮನ್ಯಾಗ ಕುಂತಿದ್ರೂ ಆಕಿ ಹೆಸರು ಊರ ತಿರುಗ್ತಿರತೈತಿ.” ಆಬಾಸಾಹೇಬರು ಒಂದು ಹಿಡಿ ಮಣೂಕ ಕಾಗದದಲ್ಲಿ ಕಟ್ಟಿ ಅವಳ ಕೈಗಿಟ್ಟರು. “ಕೆಡಿಸಿದಾವ ನಿನ್ನ ಬಳಗದಾವ ಇದ್ರ, ಹೆಂಗರ ಮಾಡಿ ನಿಲ್ಲಿಸವಾ.”

ತಿರುಗಿ ಬರುವಾಗ ಬಸ್ಸು ಕುಡಚಿಯ ಸೇತುವೆ ದಾಟುತ್ತಿತ್ತು. ಉಗಾರ ಖುರ್ದದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಎದುರಿಗೆ ಸಾಲುಗಟ್ಟಿ ಬಂದು ಬಸ್ಸು ನಿಂತಿತು. ಕಾಗವಾಡದಿಂದ ಬಂದು ಅಥಣಿಯಲ್ಲಿ ಹತ್ತಿದ್ದ ಇಬ್ಬರು ಹೆಂಗಸರು ಮುಂದಿನ ಸೀಟಿನಲ್ಲಿ ಕೂತು ಮಾತಿಗೆ ಹತ್ತಿದ್ದರು.

“ರಾಯಬಾಗದ ಕಾಲೇಜಿನ್ಯಾಗ ಪುಸ್ತಕ ಕೊಡಾಕಿ ಒಬ್ಬಾಕಿ ಅದಾಳಂತಲ್ಲ. ಕಂಡಕ್ಟರ್ ಬಾಯಿ ಗಂಡನ ಬೆನ್ನ ಹತ್ತ್ಯಾಳಂತ. ಫೋನ ಮ್ಯಾಲ ಫೋನಂತ.”

“ನಿನಗ ಯಾರ ಹೇಳಿದ್ರು?”

“ನಿಪ್ಪಾಣಿ ಸ್ಟ್ಯಾಂಡಿನಾಗ ಎಲ್ಲಾರಿಗೂ ಗೊತ್ತೈತಿ. ನಮ್ಮ ತಂಗಿ ಹೇಳಿದ್ಲು.”

ನೀಲಮ ಟಿಕೀಟಿನ ಮಷೀನು ಹಿಡಿದು ನಿಂತಲ್ಲೇ ನಿಂತಳು. ಫೋನಿನ ಮಾತು ತಾನು ಕಮಲಾಬಾಯಿಗೆ ಹೇಳಿರಲಿಲ್ಲ. ಅದು ಗಂಡನ ಹಾಳೆಯಲ್ಲಿದ್ದ ಮಾತು. ಅಂದರೆ ಅವನೂ ಹೇಳುತ್ತ ಹೊರಟಿದ್ದಾನೆ. ಒಂದು ಕಡೆಯಿಂದ ಅವನು, ಇನ್ನೊಂದು ಕಡೆಯಿಂದ ತಾನು. ನಡುವೆ ಸಿಕ್ಕವಳು ಆ ಹುಡುಗಿ. ನಿಪ್ಪಾಣಿಯಲ್ಲಿ ಚಹಾ ಕುಡಿಯುತ್ತ ಆಡಿದ ಮಾತು ನಾಲ್ಕು ದಿನದಲ್ಲಿ ಕಾಗವಾಡ ಮುಟ್ಟಿತ್ತು.

ಮಂಗಳವಾರ ರಜೆ. ನೀಲಮ ಖಾಕಿ ಬಿಟ್ಟು ಸೀರೆ ಉಟ್ಟು ರಾಯಬಾಗಕ್ಕೆ ಹೋದಳು. ವಿಕ್ರಾಂತ ಊಟಕ್ಕೆ ಹೊರಗೆ ಹೋಗುವ ಹೊತ್ತು ಅವಳಿಗೆ ಗೊತ್ತಿತ್ತು. ಗ್ರಂಥಾಲಯ ಕಟ್ಟಡದ ಹಿಂಬದಿಗೆ ಇತ್ತು. ಪೂನಮ ಒಬ್ಬಳೇ ಹಳೆಯ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ಕಂಡು ಅವಳ ಕೈ ನಿಂತಿತು.

“ನೀವೂ ಬಂದ್ರೇನು ನೋಡಾಕ?” ಎಂದಳು.

“ನೋಡಾಕಲ್ಲ. ನಿಮ್ಮನ್ನ ಕೇಳಾಕ.”

“ಅವತ್ತ ಬಸ್ಸಿನ್ಯಾಗ ರಾಯಬಾಗ ಬರೂತನಾ ನೋಡಿದ್ರಲ್ಲ, ಸಾಲಲಿಲ್ಲೇನು? ನಿಮ್ಮ ಹೆಸರ ಓದಿ ಗುರುತ ಹಿಡಿದೆ. ವಿಕ್ರಾಂತ ಸರ್ ಹೆಂಡ್ತಿ ಕಂಡಕ್ಟರ್ ಅಂತ ಇಲ್ಲೆ ಎಲ್ಲಾರಿಗೂ ಗೊತ್ತೈತಿ. ನಾಲ್ಕ ತಿಂಗಳಾತು ಅಕ್ಕಾರ, ನನ್ನ ಎಲ್ಲಾರೂ ನೋಡಾಕತ್ತಾರ.”

ನೀಲಮ ಕೂರಲಿಲ್ಲ. ನಿಂತೇ ಕೇಳಿದಳು. ಪೂನಮ ದನಿ ಏರಿಸದೆ ಹೇಳಿದಳು. ಗ್ರಂಥಪಾಲಕರ ಆ ಹುದ್ದೆಗೆ ವಿಕ್ರಾಂತ ತನ್ನ ಚಿಕ್ಕಪ್ಪನ ಮಗ ಲಖನನನ್ನು ಸೇರಿಸಬೇಕೆಂದಿದ್ದ. ಪರೀಕ್ಷೆಯಲ್ಲಿ ಪೂನಮ ಮೇಲೆ ಬಂದಳು. ಅವಳು ಸೇರಿದ ವಾರದಿಂದಲೇ ಮಾತು ಶುರುವಾಯಿತು. ಆಡಳಿತದವರೊಬ್ಬರ ಜೊತೆ ಅವಳ ಓಡಾಟವಿದೆಯಂತೆ, ಕೆಲಸ ಸಿಕ್ಕಿದ್ದು ಹಾಗಂತೆ. ಚಹಾದ ಹೊತ್ತಿನಲ್ಲಿ, ಸ್ಟಾಫ್ ರೂಮಿನಲ್ಲಿ, ಫೋನಿನ ಗುಂಪಿನಲ್ಲಿ. ಅವಳು ಬಾಡಿಗೆಗಿದ್ದ ಮನೆಯಾಕೆ ತಿಂಗಳು ತುಂಬುವ ಮೊದಲೇ ಕೋಣೆ ಬಿಡಿಸಿದಳು. ಆಮೇಲೆ ಚಿಕ್ಕೋಡಿಯ ಸೋದರತ್ತೆಯ ಮನೆ, ದಿನಾ ಬಸ್ಸು.

“ನೀವು ಎದುರಿಗೆ ಕೇಳಲಿಲ್ಲೇನು?”

“ಕೇಳಿದೆ. ‘ನಾ ಎಲ್ಲಿ ಅಂದೀನಿ? ಮಂದಿ ಅನ್ನಾಕತ್ತಾರ’ ಅಂದ್ರು. ಅದಕ್ಕs ಬರದ ಕೊಟ್ಟೆ. ಒಂದ ತಿಂಗಳ ಹಿಂದ ಇನ್ನs ಜೋರಾತು. ಈ ವಾರಂತೂ ನಮ್ಮತ್ತಿ ಓಣಿಯಾವ್ರು ಬಂದು, ಕಂಡಕ್ಟರ್ ಬಾಯಿ ಸಂಸಾರಕ್ಕ ಬೆಂಕಿ ಹಚ್ಚಿದಾಕಿ ನಿಮ್ಮ ಮನ್ಯಾಗ ಅದಾಳೇನ ಅಂತ ಕೇಳಿದ್ರು. ಅದು ಎಲ್ಲಿಂದ ಬಂತೋ.”

ಸುಮ್ಮನಿದ್ದುಬಿಡಬಹುದಿತ್ತು. ಪೂನಮಳಿಗೆ ಗೊತ್ತಾಗುವ ದಾರಿಯಿರಲಿಲ್ಲ. ನೀಲಮ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡಳು. “ಅದು ನನ್ನಿಂದ ಬಂತು” ಎಂದಳು. “ನೋಟೀಸಿನ್ಯಾಗಿನ ಒಂದ ಶಬ್ದ ತಿಳೀಲಿಲ್ಲ. ಬ್ಯಾರೆ ತಿಳಕೊಂಡೆ. ನಿಪ್ಪಾಣ್ಯಾಗ ಒಬ್ಬಾಕಿ ಮುಂದ ಅಂದೆ.”

ಪೂನಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

“ನೀವು ಹೆಂಗಸಾಗಿ...” ಎಂದವಳು ಅಲ್ಲಿಗೇ ಬಿಟ್ಟಳು.

“ತಪ್ಪಾತು ಪೂನಮ.”

“ಇಲ್ಲೆ ನಾವಿಬ್ಬರs ಇದ್ದಾಗ ತಪ್ಪಾತು ಅಂದ್ರ ನನಗೇನ ಬಂತ್ರಿ? ಎಲ್ಲಿ ಹೇಳೀರಿ, ಅಲ್ಲೆ ಹೋಗಿ ತಿರುಗಿ ಹೇಳ್ರಿ. ಅವರs ಕೇಳಬೇಕು.” ಅವಳು ಮತ್ತೆ ಚೀಟಿಗೆ ಅಂಟು ಹಚ್ಚತೊಡಗಿದಳು. ಹೋಗಿ ಎನ್ನಲಿಲ್ಲ, ಕೂಡಿ ಎಂದೂ ಅನ್ನಲಿಲ್ಲ. ನೀಲಮ ತಾನೇ ಹೊರಟುಬಂದಳು.

ಅಂದು ಸಂಜೆ ವಿಕ್ರಾಂತ ಬೈಕು ನಿಲ್ಲಿಸುವ ಮೊದಲೇ ಕೇಳಿದ. “ಸಹಿ ಆತೇನು?”

“ಮಾಡೂದಿಲ್ರಿ.”

“ಯಾಕ?”

“ಸುಳ್ಳೈತಿ. ಟ್ರಡ್ಯೂಸ್ ಅಂದ್ರ ಏನಂತ ಕೇಳಕೊಂಡ ಬಂದೀನಿ. ಪೂನಮನ್ನೂ ಕಂಡ ಬಂದೀನಿ.”

ವಿಕ್ರಾಂತ ಬೈಕಿನಿಂದ ಇಳಿದ. “ನನ್ನ ಕಿಸೇಕ ಕೈ ಹಾಕಿದಿ ಅಂತ ಅವತ್ತs ಗೊತ್ತಾಗಿತ್ತು. ಗಂಡನ ಬೆನ್ನಿಗೆ ನಿಲ್ಲೂದ ಬಿಟ್ಟು ಆಕಿನ್ನ ನೋಡಾಕ ಹೋಗ್ತಿ? ನಾ ಏನ ಮಾಡೀನಿ? ಆಕಿ ಮೈ ಮುಟ್ಟೀನೇನು? ಎಲ್ಲಾರೂ ಅಂದದ್ದ ಅಂದೀನಿ.”

“ಎಲ್ಲಾರಿಗಿಂತ ಮೊದಲ ಯಾರ ಅಂದ್ರು?”

ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಶೇವಂತಾಬಾಯಿ ಮಗನನ್ನು ಕರೆದಳು. ಅವಳು ನಿಪ್ಪಾಣಿಯ ತಂಬಾಕಿನ ವಖಾರಿನಲ್ಲಿ, ಅಂದರೆ ಗೋದಾಮಿನಲ್ಲಿ, ಇಪ್ಪತ್ತೆರಡು ವರ್ಷ ದುಡಿದವಳು. ಮಾತು ಕಡಿಮೆ.

“ವಿಕ್ರಾಂತ, ನಾ ವಖಾರ ಬಿಟ್ಟದ್ದು ಯಾಕ ಅಂತ ನಿನಗ ಹೇಳೀನೇನು?”

“ಕೆಮ್ಮಿನ ಸಲವಾಗಿ.”

“ಕೆಮ್ಮ ಆಮ್ಯಾಲ ಬಂತು. ಕೂಲ್ಯಾರ ಮ್ಯಾಲಿನ ಒಬ್ಬ ಮುಕಾದಮ ನನ್ನ ಹೆಸರಿನ ಮುಂದ ಒಂದ ಮಾತ ಹಚ್ಚಿ ಬಿಟ್ಟ. ಹಾಜರಿ ಕರೀವಾಗ ನನ್ನ ಹೆಸರ ಬಂದ್ರ ನೂರ ಮಂದಿ ನಗ್ತಿದ್ರು. ನಿನ್ನಪ್ಪ ಸುದ್ದಾ ಎರಡ ತಿಂಗಳ ನನ್ನ ಕೂಡ ಮಾತ ಬಿಟ್ಟಿದ್ದ.” ಅವಳು ಬೆಳ್ಳುಳ್ಳಿಯ ಸಿಪ್ಪೆ ಊದಿದಳು. “ಆ ಮುಕಾದಮನ ಮಕ್ಕಳು ಸತ್ತ ಹೋಗ್ಲಿ ಅಂತ ಬೇಡಕೊಂಡಿದ್ದೆ ನಾ. ಈಗ ಆ ಹುಡುಗಿ ಅವ್ವ ಎಲ್ಲಿ ಕುಂತು ಏನ ಬೇಡಕೋತಾಳೋ ಯಾರಿಗ್ಗೊತ್ತು.”

ವಿಕ್ರಾಂತ ಬೂಟು ಬಿಚ್ಚದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ದೇವರ ಮಾಡದಲ್ಲಿದ್ದ ಹಾಳೆಯನ್ನು ನೀಲಮ ತನ್ನ ಚೀಲದಲ್ಲಿಟ್ಟುಕೊಂಡಳು.

ಬುಧವಾರ ಅರ್ಧ ದಿನ ರಜೆ ಬರೆದುಕೊಟ್ಟು ಅವಳು ಸಮಿತಿಯ ಮುಂದೆ ಹೋದಳು. ಪ್ರಾಂಶುಪಾಲೆ, ಇಬ್ಬರು ಅಧ್ಯಾಪಕಿಯರು, ಬೆಳಗಾವಿಯಿಂದ ಬಂದ ಒಬ್ಬ ವಕೀಲೆ. ವಿಕ್ರಾಂತ ಒಂದು ಕಡೆ, ಪೂನಮ ಒಂದು ಕಡೆ. ನೀಲಮ ಸಹಿಯಿಲ್ಲದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಇದು ನನ್ನ ಮಾತಲ್ಲ, ಇಂಥ ಫೋನು ನಮ್ಮ ಮನೆಗೆ ಬಂದದ್ದಿಲ್ಲ ಎಂದಳು. ನಿಪ್ಪಾಣಿಯಲ್ಲಿ ತಾನಾಡಿದ್ದನ್ನೂ ಬಚ್ಚಿಡಲಿಲ್ಲ. ಹೇಳುವಾಗ ಗಂಡನ ಕಡೆ ನೋಡಲಿಲ್ಲ. ವಕೀಲೆ ಬರೆದುಕೊಂಡು ಓದಿ ತೋರಿಸಿ ಸಹಿ ಹಾಕಿಸಿದಳು.

ಮರುದಿನ ನಿಪ್ಪಾಣಿ ನಿಲ್ದಾಣದಲ್ಲಿ, ಡ್ರೈವರುಗಳು ಕಂಡಕ್ಟರುಗಳು ಚಹಾಕ್ಕೆ ಸೇರಿದ ಹೊತ್ತಿನಲ್ಲಿ, ನೀಲಮ ಕಮಲಾಬಾಯಿಯನ್ನು ಹೆಸರು ಹಿಡಿದು ಕರೆದಳು. “ಕಮಲಕ್ಕಾ, ರಾಯಬಾಗದ ಹುಡುಗಿ ಬಗ್ಗೆ ನಾ ಹೇಳಿದ್ದು ಸುಳ್ಳು. ಆಕಿ ನನ್ನ ಗಂಡನ ಬೆನ್ನ ಹತ್ತಿಲ್ಲ. ಆಕಿ ಹೆಸರ ಕೆಡಿಸಿದಾವ ನನ್ನ ಗಂಡ. ಆಮ್ಯಾಲೆ ನಾನು.”

ಚಹಾದ ಕಪ್ಪುಗಳು ಅರ್ಧಕ್ಕೆ ನಿಂತವು. ಕಮಲಾಬಾಯಿ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಹುಚ್ಚು ಹಿಡದೈತೇನ ನಿನಗ? ಗಂಡನ ಮರ್ಯಾದಿ ಹಿಂಗ ಬೀದಿಗೆ ತರ್ತಾರೇನು?”

“ಆಕಿ ಮರ್ಯಾದಿ ಇಲ್ಲೇ ಬೀದಿಗೆ ಬಂದಿತ್ತಲ್ರಿ.”

ಮಾಳಸಿದ್ದ ಕೆಮ್ಮಿದ. ಯಾರೋ ನಕ್ಕರು. ಅವರಲ್ಲಿ ಎಷ್ಟು ಮಂದಿ ನಂಬಿದರು, ಎಷ್ಟು ಮಂದಿ ಇದನ್ನೂ ಇನ್ನೊಂದು ಕತೆ ಮಾಡಿಕೊಂಡು ಹೋದರು ಎಂದು ನೀಲಮಳಿಗೆ ಗೊತ್ತಾಗಲಿಲ್ಲ. ಕಮಲಾಬಾಯಿ ಒಂದು ವಾರ ಮಾತಾಡಿಸಲಿಲ್ಲ.

ಹದಿನೈದು ದಿನಕ್ಕೆ ಸಮಿತಿಯ ತೀರ್ಮಾನ ಬಂತು. ವಿಕ್ರಾಂತನನ್ನು ಅದೇ ಸಂಸ್ಥೆಯ ಕಾಗವಾಡದ ಶಾಲೆಗೆ ವರ್ಗ ಮಾಡಿದ್ದರು. ಹೋಗುವ ಮೊದಲು ಅವನು ಕ್ಷಮಾಪಣೆ ಬರೆದು, ಯಾವ ಸ್ಟಾಫ್ ರೂಮಿನಲ್ಲಿ, ಯಾವ ಫೋನಿನ ಗುಂಪಿನಲ್ಲಿ ಮಾತಾಡಿದ್ದನೋ ಅಲ್ಲಿಯೇ ಓದಿ, ಅಲ್ಲಿಯೇ ಹಾಕಬೇಕಿತ್ತು. ಮನೆಯಲ್ಲಿ ಅಷ್ಟು ದಿನ ಅವನು ನೀಲಮಳ ಕೂಡ ಬೇಕಾದಷ್ಟೇ ಮಾತಾಡುತ್ತಿದ್ದ. ಅವನು ಫೋನು ಹಿಡಿದು ಹೊರಗೆ ಹೋದಾಗಲೆಲ್ಲ, ಈಗ ಯಾರ ಕೂಡ ಏನು ಹೇಳುತ್ತಿದ್ದಾನೋ ಎಂದು ಅವಳ ಕಿವಿ ನಿಮಿರುತ್ತಿತ್ತು.

ರವಿವಾರ ಮಧ್ಯಾಹ್ನ ಅವನು ಬರೆದ ಹಾಳೆ ತಂದು ಅವಳ ಮುಂದೆ ಹಿಡಿದ. ಯಾಕೆ ತಂದನೋ ಅವನಿಗೇ ಗೊತ್ತಿತ್ತೋ ಇಲ್ಲವೋ.

“ಬರೋಬರಿ ಐತೇನು ನೋಡು.”

ನೀಲಮ ಓದಿದಳು. ‘ನನ್ನ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’

“ಯಾರ ಮನಸ್ಸಿಗಾದರೂ ಅಂತ ಯಾಕ್ರಿ? ಹೆಸರ ಗೊತ್ತಿಲ್ಲೇನು?”

ಅವನು ಪೆನ್ನು ತೆಗೆದು ಹೊಡೆದು ಹಾಕಿ, ಪೂನಮ ಎಂದು ಬರೆದ.

“ಆಗಿದ್ದರೆ ಅಂತಲೂ ಅಲ್ಲ. ಆಗೇತಿ.”

“ಮತ್ತ ಹೆಂಗ ಬರೀಲಿ?” ಅವನ ದನಿ ಏರಿತು.

“ನೀವು ಏನಂದಿದ್ರಿ ಅಂತ ಬರೀರಿ. ಅದು ಸುಳ್ಳು ಅಂತ ಬರೀರಿ.”

ವಿಕ್ರಾಂತ ಹಾಳೆ ಹರಿದು ಎದ್ದ. ಹೊಸ್ತಿಲತನಕ ಹೋಗಿ ನಿಂತ. ಕಟ್ಟೆಯ ಮೇಲೆ ಅವನ ತಾಯಿ ಕೂತಿದ್ದಳು. ಅವಳು ಮುಖ ಎತ್ತಲಿಲ್ಲ. ತುಸು ಹೊತ್ತಿನ ಮೇಲೆ ಅವನು ತಿರುಗಿ ಬಂದು ಹೊಸ ಹಾಳೆ ಎಳೆದುಕೊಂಡ. ‘ಕುಮಾರಿ ಪೂನಮ ಅವರ ಬಗ್ಗೆ ನಾನು’ ಎಂದು ಬರೆದು ಪೆನ್ನು ನಿಲ್ಲಿಸಿದ. ಆಮೇಲೆ ‘ಆಡಿದ ಮಾತು ಸುಳ್ಳು’ ಎಂದು ಮುಂದೆ ಬರೆಯತೊಡಗಿದ. ನೀಲಮ ಗೋಡೆಗೆ ಒರಗಿ ನಿಂತು, ಅವನು ಕೊನೆಯ ಸಾಲು ಬರೆದು ಸಹಿ ಹಾಕುವವರೆಗೂ ಅಲ್ಲಿಂದ ಕದಲಲಿಲ್ಲ.